ಸಂಡೂರಿಗೆ ಹೋದ ತೊಟ್ಟಿಲು

ಯಾರ ಮನೆಗೆ ಹೋದರೂ ಆಕೆ ಮೊದಲು ಬಾಗಿಲಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟು ನಿಲ್ಲುತ್ತಿದ್ದಳು. ಒಳಗಿನವರು ಬಂದು ತೆರೆದರೂ ಒಂದು ಕ್ಷಣ ಹಾಗೇ ನಿಂತಿರುತ್ತಿದ್ದಳು. ಬಡಿದದ್ದು ಅವರನ್ನು ಕರೆಯಲಿಕ್ಕಾಗಿರುತ್ತಿರಲಿಲ್ಲ. ಕದ ಸಾಗುವಾನಿಯದೋ, ಬೇವಿನದೋ, ಮೇಲೆ ಮಾತ್ರ ಚಂದ ಕಾಣುವ ಪ್ಲೈವುಡ್ಡೋ ಎಂದು ತಿಳಿಯಲಿಕ್ಕೆ. ಹೊಸಪೇಟೆಯ ನಮ್ಮ ಮನೆಗೆ ಮೊದಲ ಸಲ ಬಂದಾಗ ನನ್ನ ಬಾಗಿಲು ಬಡಿದು, “ಬಾಗ್ಲ ಖರೇ ಐತಿ ಅಕ್ಕಾರ” ಎಂದಳು. ಒಳಗೆ ಬಂದು, ನಾನು ಬಳ್ಳಾರಿಯಿಂದ ತರಿಸಿ ಹೆಮ್ಮೆಯಿಂದ ಕಿಟಕಿ ಪಕ್ಕ ಇಟ್ಟಿದ್ದ ರೈಟಿಂಗ್ ಡೆಸ್ಕನ್ನು ಬಡಿದಳು. “ಇದು ಸುಳ್ಳು ಹೇಳ್ತೈತಿ.”

ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವಳು ನಾನು. ನನ್ನ ಮನೆಯಲ್ಲಿ ನನ್ನ ಫರ್ನಿಚರಿಗೆ ಹಾಗೆ ಮುಖದ ಮೇಲೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಐ ಮಸ್ಟ್ ಕನ್ಫೆಸ್, ಆ ಕ್ಷಣಕ್ಕೆ ಆಕೆ ನನಗೆ ಸೇರಲಿಲ್ಲ. ಮುಂದಿನ ಮಳೆಗಾಲಕ್ಕೆ ಡೆಸ್ಕಿನ ಮೇಲ್ಪದರ ಹಪ್ಪಳದ ಹಾಗೆ ಎದ್ದಿತು. ಆಗ ಸೇರಿದಳು.

ಹೋದ ತಿಂಗಳು ಕಂಪ್ಲಿಯಲ್ಲಿ, ಮಗಳ ಮನೆಯಲ್ಲಿ, ಆಕೆ ತೀರಿಕೊಂಡಳು. ವಾರದ ನಂತರ ಆ ಮಗಳು ಬಂದು, ಚೀಲದಿಂದ ಒಂದು ರುಬ್ಬುಗುಂಡನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. “ಅವ್ವ ಇದನ್ನ ಅಕ್ಕಾರಿಗೆ ಕೊಡು ಅಂದಿದ್ಲು.” ಹಿಟ್ಟು ರುಬ್ಬಿ ರುಬ್ಬಿ ನುಣ್ಣಗಾದ ಕರೀ ಕಲ್ಲು. ಒಂದು ಕಡೆ ಇಷ್ಟೇ ಇಷ್ಟು ಮೊಂಡಾಗಿದೆ. ಅದು ಎಲ್ಲಿ ಮೊಂಡಾಯಿತು ಎಂಬುದು ಗೊತ್ತಿರುವವರು ಈಗ ಬಹಳ ಮಂದಿ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಆಕೆಯ ಬಡಗಿ ಅಂಗಡಿ. ತುರುಬಿನಲ್ಲಿ ಹೂವಿನ ಜಾಗದಲ್ಲಿ ಪೆನ್ಸಿಲ್. ಸೆರಗಿನಲ್ಲಿ ಸದಾ ಕಟ್ಟಿಗೆಯ ಹೊಟ್ಟು. ಕೆಲಸ ಕಲಿತದ್ದು ತವರಿನಲ್ಲಿ, ಗಂಡುಮಕ್ಕಳಿಲ್ಲದ ಅಪ್ಪನ ಕೈಕೆಳಗೆ. ಮದುವೆಯಾಗಿ ಬಂದ ಮೇಲೆ ಬೋರ್ಡಿನಲ್ಲಿ ಗಂಡನ ಹೆಸರು, ಉಳಿಯ ಕೆಲಸವೆಲ್ಲ ಈಕೆಯದು. ಊರಿಗೆಲ್ಲ ಅದು ಗೊತ್ತಿತ್ತು. ಯಾವ ವಸ್ತುವನ್ನೂ ಆಕೆ ಚಂದ ಎಂದದ್ದನ್ನು ನಾನು ಕೇಳಿಲ್ಲ. ಭಾಳ ಮೆಚ್ಚಿದರೆ, “ಕೂಡೈತಿ” ಅನ್ನುತ್ತಿದ್ದಳು, ಅಂದರೆ ಸಂದು ಸರಿಯಾಗಿ ಕೂತಿದೆ ಎಂದು. ಒಮ್ಮೆ ಆಕೆಯನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಟೂರಿಸ್ಟುಗಳೆಲ್ಲ ಕ್ಯಾಮೆರಾ ಹಿಡಿದು ಗೋಪುರ ನೋಡುತ್ತಿದ್ದರೆ ಈಕೆ ಮಂಟಪವೊಂದರ ನೆಲದ ಮೇಲೆ ಅಂಗಾತ ಮಲಗಿ ಛಾವಣಿಯ ಕಲ್ಲುತೊಲೆಗಳನ್ನು ನೋಡಿದಳು. ಕಾವಲಿನವನು ಬಂದು ಏಳಿಸುವವರೆಗೂ ನೋಡಿದಳು. “ಇದು ಬಡಿಗೇರ ಕೆಲಸನ ರೀ ಅಕ್ಕಾರ. ಕಲ್ಲು ಕಡಿಯೋರು ನಮ್ಮವರನ್ನ ನೋಡಿ ಕಲ್ತಾರ.” ಅವನಿಗೂ ಅದನ್ನೇ ಹೇಳಿದಳು. ಅವನು ಪಾಪ, ಹೌದ್ರಿ ಎಂದ.

ಆಕೆಯ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆಗುತ್ತಿದ್ದದ್ದು ತೊಟ್ಟಿಲು. ನಾಲ್ಕು ಕಂಬಕ್ಕೆ ನಾಲ್ಕು ಗಿಳಿ, ಅಡ್ಡಪಟ್ಟಿಗೆ ಬಾಳೆಗೊನೆ, ಒಂದೇ ಒಂದು ಮೊಳೆ ಇಲ್ಲ. ಮುಗಿದ ಮೇಲೆ ಅಂಗಡಿಯ ತೊಲೆಗೆ ತೂಗುಹಾಕಿ ತಾನೇ ಅದರಲ್ಲಿ ಕುಳಿತು ನೋಡುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಮೊಣಕಾಲು ಮಡಚಿಕೊಂಡು, ಗಂಭೀರವಾಗಿ ತೂಗಿಕೊಳ್ಳುವುದು. ನಾನು ಮೊದಲ ಸಲ ಕಂಡಾಗ ನಗು ತಡೆಯಲಾಗಲಿಲ್ಲ. “ನಗ್ರಿ, ನಗ್ರಿ. ನನ್ನ ತಡೀತಂದ್ರ ಕೂಸಿನ್ನ ತಡೀತೈತಿ.”

ಗಂಡ ತೀರಿಕೊಂಡ ಮೇಲೆ ಬಾಗಿಲು, ಮಂಚ, ಕಿಟಕಿ ಎಲ್ಲಕ್ಕೂ ಜನ ಬರುತ್ತಲೇ ಇದ್ದರು. ತೊಟ್ಟಿಲಿಗೆ ಮಾತ್ರ ಒಬ್ಬರೂ ಬರಲಿಲ್ಲ. ಮುತ್ತೈದೆಯಲ್ಲದವಳ ಕೈಯಿಂದ ಕೂಸಿನ ತೊಟ್ಟಿಲು ಹೇಗೆ ತರುವುದು? ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಂಗಡಿಗೆ ಬಂದು ಮಂಚದ ಅಳತೆ ಕೊಟ್ಟು, ಅಲ್ಲೇ ತೂಗುತ್ತಿದ್ದ ತೊಟ್ಟಿಲಿನಿಂದ ಕಣ್ಣು ಸರಿಸಿಕೊಂಡು ಹೋಗುತ್ತಿದ್ದರು, ದಟ್ಸ್ ಆಲ್. ನಿನ್ನೆ ಮೊನ್ನೆಯವರೆಗೆ ಅದೇ ಕೈ ಮಾಡಿದ ತೊಟ್ಟಿಲಲ್ಲಿ ಅವರ ಮಕ್ಕಳು ಮಲಗಿದ್ದವು. ಆದರೂ ಆಕೆ ವರ್ಷಕ್ಕೊಂದು ತೊಟ್ಟಿಲು ಮಾಡುವುದನ್ನು ಬಿಡಲಿಲ್ಲ. ಎಂಟು ವರ್ಷಕ್ಕೆ ಎಂಟು. ಖಾಲಿ ತೊಟ್ಟಿಲು ತೂಗಬಾರದೆಂದು ಅವುಗಳಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದಳು.

“ಸಾಯೋದ್ರೊಳಗ ಒಂದರ ಕೂಸು ಮಲಗಬೇಕ್ರಿ ಅಕ್ಕಾರ, ನಾ ಈಗ ಮಾಡಿದ್ರಾಗ,” ಎಂದಳು ಒಂದು ದಿನ. “ಇಲ್ಲಂದ್ರ ಈ ಕೈ ಅವರು ತಿಳಕೊಂಡಂಗ ಕೆಟ್ಟದ್ದು ಅಂತ ಆತಲ್ಲ.”

ಅದು ಗಣಿಯ ಕಾಲ. ಸೈಕಲ್ಲಿನಲ್ಲಿ ಓಡಾಡುತ್ತಿದ್ದವರು ಕಾರಿನಲ್ಲಿ ಇಳಿಯುತ್ತಿದ್ದರು. ಹೊಲ ಹೋಗಿ ಅದಿರಿನ ಗುಡ್ಡೆಯಾಗುತ್ತಿತ್ತು, ಹಂಚಿನ ಮನೆ ಹೋಗಿ ಬಂಗಲೆಯಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಮೂರು ಸೈಬರ್ ಸೆಂಟರು ಒಂದೇ ವರ್ಷದಲ್ಲಿ ಎದ್ದವು. ರಿಟೈರ್ ಆಗಿದ್ದ ನಾನು ಕಾನ್ವೆಂಟಿನ ಹಳೇ ಗೆಳತಿಯರಿಗೆ ಇಮೇಲ್ ಬರೆಯಲೆಂದು ಅಲ್ಲಿಗೆ ಹೋಗುತ್ತಿದ್ದೆ. ಹಳೇ ಸಾಮಾನು, ಹೊಸ ಸಾಮಾನು ಮಾರುವ ಒಂದು ವೆಬ್‌ಸೈಟು ನನ್ನ ಕಣ್ಣಿಗೆ ಬಿದ್ದದ್ದು ಅಲ್ಲೇ. ಕೊಳ್ಳುವವನಿಗೆ ಮಾರುವವನ ಮುಖ ಕಾಣಿಸುವುದಿಲ್ಲ! ನನ್ನ ತಲೆಯಲ್ಲಿ ಬೆಳಕು ಹತ್ತಿತು.

ಒಂದು ತೊಟ್ಟಿಲಿನ ಉಳ್ಳಾಗಡ್ಡಿ ಸುರುವಿ, ಒರೆಸಿ, ಫೋಟೋ ತೆಗೆಸಿ, ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಜಾಹೀರಾತು ಬರೆದೆ. ‘ಮಾಸ್ಟರ್ ಕ್ರಾಫ್ಟ್ಸ್‌ಮನ್’ ಒಬ್ಬ ಪರಂಪರೆಯ ಪ್ರಕಾರ ಮಾಡಿದ್ದು ಎಂದು. ತಿಳಿದೇ ಬರೆದೆ. ಆಕೆಗೆ ಓದಿ ಹೇಳುವಾಗ ಆ ಸಾಲನ್ನು ಹಾರಿಸಿದೆ.

ಉತ್ತರ ಮುಂಬೈಯಿಂದಲೋ ದೆಹಲಿಯಿಂದಲೋ ಬರಬಹುದೆಂದು ಕಾದಿದ್ದರೆ, ಬಂದದ್ದು ಸಂಡೂರಿನಿಂದ. ಒಂದು ಲಾರಿ ಆರು ಲಾರಿಯಾಗಿದ್ದ ಒಬ್ಬ ಮಾಲೀಕ. ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಬರುವ ಶುಕ್ರವಾರ ಕೂಸಿನ ನಾಮಕರಣ, ತೊಟ್ಟಿಲು ನಮ್ಮ ಮನೆಯಿಂದಲೇ ಆಗಬೇಕು, ಗುರುವಾರ ತಲುಪಿಸಬಹುದೇ. ಇಮೇಲ್ ‘ಡಿಯರ್ ಸರ್’ ಎಂದು ಶುರುವಾಗಿತ್ತು.

ಪ್ರಿಂಟ್ ತೆಗೆಸಿ ತಂದು ಓದಿದೆ. ಆಕೆಗೆ ಇಂಗ್ಲಿಷ್ ಬಾರದಿದ್ದರೂ ಅಷ್ಟು ಗೊತ್ತಿತ್ತು.

“ಸರ್ ಅಂದ್ರ ಯಾರ್ರಿ?”

ಹೇಳಲೇಬೇಕಾಯಿತು. ಆಕೆ ಬೈಯಲಿಲ್ಲ. ಕೀಸುಳಿ ಎತ್ತಿಕೊಂಡು ಹಲಗೆಯನ್ನು ಈ ತುದಿಯಿಂದ ಆ ತುದಿವರೆಗೆ ಒಂದೇ ಎಳೆತದಲ್ಲಿ ಕೀಸಿದಳು. ಆಮೇಲೆ, “ಹಂಗಾದ್ರ ನಾನ ಹೋಗಿ ಕೊಡಬೇಕು,” ಎಂದಳು.

“ಅಲ್ಲವ್ವಾ, ಗೂಡ್ಸ್ ಆಟೋದವನ ಕೈಯಾಗ ಕಳಿಸಿದ್ರ ಆತು. ಯಾರಿಗೂ ಗೊತ್ತಾಗೋದಿಲ್ಲ.”

“ಯಾವಾಗರ ಗೊತ್ತಾಗ್ತೈತ್ರಿ. ಕೂಸಿಗೆ ನೆಗಡಿ ಬಂದ್ರೂ ಆವತ್ತು ನನ್ನ ತೊಟ್ಲ ಮ್ಯಾಲೆ ಹಾಕ್ತಾರ. ನನ್ನ ಮಾರಿ ನೋಡಿ ತಗೊಂಡ್ರ ಮುಂದ ಯಾರೂ ಒಂದು ಮಾತು ಅನ್ನಂಗಿಲ್ಲ.”

“ಮಾರಿ ನೋಡಿ ಬ್ಯಾಡ ಅಂದ್ರ?”

“ವಾಪಸ್ ತಂದು ಉಳ್ಳಾಗಡ್ಡಿ ತುಂಬ್ತೀನಿ.”

ಗುರುವಾರ ಬೆಳಿಗ್ಗೆ ಗೂಡ್ಸ್ ಆಟೋ ಬಂತು. ತೊಟ್ಟಿಲಿಗೆ ಗಂಡನ ಹಳೇ ಧೋತರ ಸುತ್ತಿದ್ದಳು. ಒಳಗೆ, ಪುಟ್ಟ ಹಾಸಿಗೆಯ ಮೇಲೆ, ಎಳೆಗೂಸಿನ ಟೋಪಿಯಂಥ ಕುಂಚಿಗೆ ತೊಡಿಸಿದ ರುಬ್ಬುಗುಂಡು. ನಮ್ಮ ಕಡೆ ನಾಮಕರಣದ ದಿನ ಕೂಸಿಗಿಂತ ಮುಂಚೆ ತೊಟ್ಟಿಲಲ್ಲಿ ಮಲಗುವುದು ಗುಂಡುಕಲ್ಲು. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಆಕೆಯ ಅಪ್ಪ ತೊಟ್ಟಿಲನ್ನು ಎಲ್ಲಿಗೆ ಕೊಟ್ಟರೂ ದಾರಿಯಲ್ಲಿ ಅದು ಬರಿದಾಗಿ ಹೋಗಬಾರದೆಂದು ಕಲ್ಲು ಮಲಗಿಸಿಕೊಂಡೇ ಒಯ್ಯುತ್ತಿದ್ದನಂತೆ. ಆಕೆ ಹಿಂದೆ ತೊಟ್ಟಿಲನ್ನು ಹಿಡಿದು ಕುಳಿತಳು. ನಾನು ಡ್ರೈವರ್ ಪಕ್ಕ. ಮಾಡಿದ್ದುಣ್ಣಲು ನಾನೂ ಹೊರಟಿದ್ದೆ.

ಸಂಡೂರಿನ ದಾರಿ ಆಗ ದಾರಿಯಾಗಿರಲಿಲ್ಲ. ಒಂದರ ಹಿಂದೊಂದು ಅದಿರಿನ ಲಾರಿ, ಅವುಗಳ ನಡುವೆ ಸಿಕ್ಕಿಕೊಂಡ ಬಸ್ಸು, ಬೈಕು, ನಾವು. ಹುಣಿಸೇಮರದ ಎಲೆ ಕೂಡ ಕೆಂಪು. ಘಾಟಿನಲ್ಲಿ ಒಂದೂವರೆ ತಾಸು ಎಲ್ಲ ನಿಂತೇಬಿಟ್ಟಿತು. ಪಕ್ಕದ ಲಾರಿಯ ಡ್ರೈವರ್ ಕೆಳಗೆ ಬಗ್ಗಿ ನೋಡಿ ಕೂಗಿದ.

“ಏನವ್ವಾ, ಕೂಸಿನ್ನ ಈ ಧೂಳಾಗ ಕರ್ಕೊಂಡು ಹೊಂಟೀಯಲ್ಲ! ಬುದ್ಧಿ ಐತೇನು?”

ಆಕೆ ಧೋತರ ಸರಿಸಿ, ಕುಂಚಿಗೆ ತೊಟ್ಟ ಕಲ್ಲನ್ನು ತೋರಿಸಿದಳು. ಅವನು ಎರಡು ಕ್ಷಣ ನೋಡಿದ.

“ಅಪ್ಪನ ಹಂಗ ಐತಿ ಬಿಡು.”

“ಹೂನಪ್ಪ. ನಿನ್ನಷ್ಟು ಮಾತಾಡಂಗಿಲ್ಲ, ಅಷ್ಟಽ.”

ಸುತ್ತಲಿನ ಲಾರಿಗಳಲ್ಲಿ ನಗು ಎದ್ದಿತು. ಜಾಮ್ ಬಿಡುವವರೆಗೂ ಒಬ್ಬೊಬ್ಬರೇ ಇಳಿದು ಬಂದು ಕಲ್ಲಿನ ಮುಖ ನೋಡಿಕೊಂಡು ಹೋದರು. ಒಬ್ಬ ಅದರ ಕೈಗೆ ಎಂದು ಬಾಳೆಹಣ್ಣು ಇಟ್ಟ.

ಸಂಡೂರು ಸೇರುವಾಗ ನಾವು ಮೂವರೂ ಕೆಮ್ಮಣ್ಣಿನ ಜಾಜಿ ಬಳಿದ ಗೋಡೆಯ ಹಾಗಿದ್ದೆವು. ಬಂಗಲೆಯ ಗೇಟಿನಲ್ಲಿ ಇಳಿದು ಆಕೆಯ ಮುಖ ನೋಡಿದೆ. ಬೆವರಿಗೆ ಮೆತ್ತಿಕೊಂಡು ಹಣೆಯ ನಡುವೆ ಅದಿರಿನ ಧೂಳು ದುಂಡಗೆ, ದಟ್ಟ ಕೆಂಪಗೆ ಕೂತಿತ್ತು. ಯಾರು ನೋಡಿದರೂ ಕುಂಕುಮ ಅನ್ನಬೇಕು. ನಾನು ಮದುವೆಯಾದವಳಲ್ಲ. ನನ್ನ ಹಣೆಯಲ್ಲಿ ಏನಿದೆ ಏನಿಲ್ಲ ಎಂದು ಯಾರೂ ಕೇಳಿದವರಲ್ಲ. ಆದರೆ ಆ ಹಣೆಯ ಬೆಲೆ ನನಗೆ ಗೊತ್ತಾಯಿತು.

“ಇರಲಿ ಬಿಡು, ಒರೆಸಬ್ಯಾಡ,” ಎಂದು ಪಿಸುಗುಟ್ಟಿದೆ. “ದೇವರಽ ಇಟ್ಟಂಗೈತಿ.”

ಆಕೆ ಆಟೋದ ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡಳು. ಒಂದು ಗಳಿಗೆ ಹೆಚ್ಚೇ ನೋಡಿಕೊಂಡಳು. ಆಮೇಲೆ ನೀರಿನ ಬಾಟಲಿ ಬಗ್ಗಿಸಿ, ಸೆರಗು ತೋಯಿಸಿ, ಹಣೆ ಉಜ್ಜಿ ಉಜ್ಜಿ ಒರೆಸಿದಳು. “ಲಾರಿ ಇಟ್ಟದ್ದು ಅಕ್ಕಾರ, ದೇವರಲ್ಲ. ಸುಳ್ಳು ಹೇಳಿ ತೊಟ್ಲ ಕೊಡೂದು ಬ್ಯಾಡ.”

ಐ ಫೆಲ್ಟ್ ಸೋ ಸ್ಮಾಲ್. ಡೆಸ್ಕನ್ನು ಬಡಿದ ಹಾಗೆ ನನ್ನನ್ನೂ ಬಡಿದು ನೋಡಿದಂತಾಯಿತು.

ಲಾರಿ ಮಾಲೀಕ ಹೊರಗೆ ಬಂದು ನಮ್ಮ ಹಿಂದೆ ಮುಂದೆ ನೋಡಿದ. “ತೊಟ್ಲ ಮಾಡಿದ ಆಚಾರ್ರು ಎಲ್ಲಿ?”

“ನಾನಽ ರೀ.”

ಅವನ ಅವ್ವ ದೊಡ್ಡ ಹಾಲ್‌ನಲ್ಲಿ, ಸೋಫಾ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಹಣೆಯಗಲ ಕುಂಕುಮ, ಕೈತುಂಬ ಹಸಿರು ಬಳೆ. ಧೋತರ ಬಿಚ್ಚುತ್ತಲೇ ಗಿಳಿಗಳ ಮೇಲೆ ಕೈಯಾಡಿಸಿ, “ಅಯ್ಯ, ಮಾತಾಡ್ತಾವಲ್ಲ!” ಎಂದರು. ಆಮೇಲೆ ಕಣ್ಣೆತ್ತಿ ಆಕೆಯ ಹಣೆ ನೋಡಿದರು.

“ಯಜಮಾನ್ರು?”

“ತೀರಿಕೊಂಡು ಎಂಟು ವರ್ಷ ಆತ್ರಿ.”

“ಇದನ್ನ ಮಾಡಿದ್ದು?”

“ನಾನ ರೀ. ಈ ವರ್ಷ.”

ಆ ತಾಯಿಯ ಕೈ ಗಿಳಿಯ ಮೇಲಿಂದ ಮೆಲ್ಲಗೆ ಹಿಂದೆ ಬಂತು.

“ಅವ್ವಾ, ನಾಳೆ ಮುಂಜಾನೆ ಕಾರ್ಯ,” ಎಂದ ಮಗ. “ಈಗ ಬ್ಯಾರೆ ಎಲ್ಲಿಂದ ತರ್ಲಿ?”

“ಇಲ್ಲಪ್ಪ. ಮೊದಲ ಮೊಮ್ಮಗಳು.” ಆಕೆಯ ಕಡೆ ತಿರುಗಿ, “ನಿನ್ನ ಮ್ಯಾಲೆ ಸಿಟ್ಟಿಲ್ಲವ್ವಾ ತಂಗಿ. ದೂರದಿಂದ ಬಂದೀರಿ, ಕುಂದ್ರಿ, ಉಂಡು ಹೋಗ್ರಿ. ತೊಟ್ಲ ಮಾತ್ರ ಬ್ಯಾಡ.”

ಜೋರುಮಾಡಿದ್ದರೆ ನಾನು ಜಗಳ ಆಡುತ್ತಿದ್ದೆ. ಊಟಕ್ಕೆ ಕರೆಯುವವರ ಜೊತೆ ಹೇಗೆ ಆಡುವುದು? ಆಕೆ ಮತ್ತೆ ಧೋತರ ಸುತ್ತತೊಡಗಿದಳು. ಗಂಟು ಹಾಕಲು ಎಂದಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಗಂಟು ಮುಗಿದ ಮೇಲೆ ತಲೆಯೆತ್ತಿ ಛಾವಣಿ ನೋಡಿದಳು.

“ಆತ್ರಿ, ಒಯ್ತೀನಿ. ಬ್ಯಾರೆ ತೊಟ್ಲ ತಂದ್ರೂ ಇಲ್ಲೇ ಕಟ್ತೀರೇನು?”

ಹಾಲ್‌ನ ನಡುವೆ, ಹೂಬಳ್ಳಿಯ ಬಿಳೀ ಫಾಲ್ಸ್ ಸೀಲಿಂಗಿನಲ್ಲಿ, ಫಳಫಳಿಸುವ ಹಿತ್ತಾಳೆಯ ಕೊಂಡಿ. ಅರಿಶಿನ ಕುಂಕುಮ ಹಚ್ಚಿ ಮಾವಿನೆಲೆ ಕಟ್ಟಿದ್ದರು.

“ಹೂನ್ರಿ. ಇಂಟೀರಿಯರ್‌ನವರು ಐವತ್ತು ಕೆಜಿ ತಡೀತೈತಿ ಅಂದಾರ,” ಎಂದ ಮಗ.

“ಒಂದು ಸ್ಟೂಲ್ ಕೊಡ್ರಿ.”

ಹತ್ತಿ, ಕೊಂಡಿಯ ಪಕ್ಕ ಗೆಣ್ಣಿನಿಂದ ಎರಡು ಸಲ ಬಡಿದಳು. ಕಿವಿಗೊಟ್ಟಳು. ನಾನೂ ಉಸಿರು ಹಿಡಿದೆ. ಇಷ್ಟು ವರ್ಷದ ಸಹವಾಸದಲ್ಲಿ ನನಗೂ ಕೇಳಿಸಿತು. ನನ್ನ ಡೆಸ್ಕಿನ ದನಿ.

“ಪೊಳ್ಳೈತಿ.”

“ಏನ್ ಮಾತಾಡ್ತೀರಿ? ಬಳ್ಳಾರಿಯಿಂದ ಕರೆಸಿ ಮಾಡ್ಸೀನಿ!”

ಆಕೆ ಧೋತರದ ಗಂಟನ್ನು ಮತ್ತೆ ಬಿಚ್ಚಿದಳು. ತೊಟ್ಟಿಲನ್ನು ಎತ್ತಲಿಲ್ಲ. ರುಬ್ಬುಗುಂಡನ್ನು ಮಾತ್ರ ತೆಗೆದು, ಕುಂಚಿಗೆ ಬಿಚ್ಚಿ ಮಡಚಿಟ್ಟು, ಕಲ್ಲನ್ನು ಹಗ್ಗದಿಂದ ಕಟ್ಟಿ ಕೊಂಡಿಗೆ ತೂಗುಹಾಕಿದಳು. ಕೆಳಗಿಳಿದು ಎಲ್ಲರನ್ನೂ ಹಿಂದೆ ಸರಿಸಿದಳು. ಕೂಸು ತೂಗುವಷ್ಟೇ ಮೆಲ್ಲಗೆ ಒಂದು ಸಲ ನೂಕಿದಳು. ಎರಡು ಸಲ. ಮೂರನೆಯ ಸಲ ಮೇಲೆ ಚಟ್ಟೆಂದಿತು. ಕೊಂಡಿ, ಮಾವಿನೆಲೆ, ಹೂಬಳ್ಳಿಯ ತಟ್ಟೆಯಗಲದ ತುಂಡು, ಕಲ್ಲು, ಎಲ್ಲ ಒಟ್ಟಿಗೆ ಮಾರ್ಬಲ್ಲಿನ ಮೇಲೆ ಬಿದ್ದವು. ಮಾರ್ಬಲ್ಲು ಸೀಳಿತು.

ಸದ್ದಿಗೆ ಒಳಕೋಣೆಯಲ್ಲಿ ಕೂಸು ಎಚ್ಚೆತ್ತು ಅಳತೊಡಗಿತು.

ಆ ಅಳುವನ್ನು ನಾವೆಲ್ಲ ನಿಂತು ಕೇಳಿದೆವು. ತಾಯಿ ಕುರ್ಚಿಯಿಂದ ಎದ್ದಿದ್ದರು, ಎರಡೂ ಕೈ ಎದೆಯ ಮೇಲೆ. ಸುಣ್ಣದ ಪುಡಿ ತಲೆತುಂಬ ಬಿದ್ದ ಆಕೆ ಬಗ್ಗಿ ಕಲ್ಲನ್ನೆತ್ತಿ, ತಿರುಗಿಸಿ ನೋಡಿ, ಬೆರಳಿನಿಂದ ಒಂದು ಕಡೆ ಸವರಿದಳು.

“ಒಂದೀಟು ಮೊಂಡಾತು. ಉಳಿದಂಗ ಏನೂ ಆಗಿಲ್ರಿ.”

ತಾಯಿ ಬಂದು, ಬಿದ್ದಿದ್ದ ಕೊಂಡಿಯನ್ನು ಎತ್ತಿಕೊಂಡರು. ದನಿ ಸಣ್ಣಗಾಗಿತ್ತು. “ಐದು ಮಂದಿ ಮುತ್ತೈದೇರ ಕೈಲೆ ಅರಿಷಿಣ ಹಚ್ಚಿಸಿದ್ನೆವ್ವಾ ಆ ಕೊಂಡಿಗೆ.”

“ಅವರ ತಪ್ಪಲ್ರಿ. ಮ್ಯಾಲೆ ಕಟ್ಟಿಗಿನ ಇಲ್ಲ.” ಆಕೆ ಸೆರಗು ಝಾಡಿಸಿದಳು. “ನಿಮ್ಮ ಮಕ್ಳನ್ನ ಎಲ್ಲಿ ತೂಗಿದ್ರಿ?”

ಬಂಗಲೆಯ ಹಿಂದೆ ಹಳೇ ಮನೆ ಇನ್ನೂ ಇತ್ತು. ಲಾರಿಯ ಟೈರು ತುಂಬಿದ್ದರು. ಟೈರುಗಳನ್ನು ಆ ಮಾಲೀಕನೇ ಅಂಗಿಯ ತೋಳು ಮಡಚಿಕೊಂಡು ಹೊರಗೆ ಉರುಳಿಸಿದ. ಹೊಗೆ ಹಿಡಿದು ಕಪ್ಪಾದ ತೊಲೆಗೆ ಹಳೇ ಕಬ್ಬಿಣದ ಬಳೆ. ಆಕೆ ಟೈರಿನ ಮೇಲೆ ನಿಂತು ಬಡಿದಳು. ದನಿ ದೇವಸ್ಥಾನದ ಗಂಟೆ ನಿಂತ ಮೇಲೆ ಉಳಿಯುತ್ತದಲ್ಲ, ಹಾಗೆ ಬಂತು. ಆಕೆಯ ಮುಖದ ತುಂಬ ನಗು.

“ಕೂಡೈತಿ!”

ತೊಟ್ಟಿಲು ಕಟ್ಟಿದ್ದಾಯಿತು. ಕಟ್ಟಿ, ಯಾರು ಏನು ಎನ್ನುವುದರೊಳಗೆ, ಆಕೆ ಸೀರೆ ಒಗ್ಗೂಡಿಸಿಕೊಂಡು ತಾನೇ ಹತ್ತಿ ಕುಳಿತು ತೂಗಿಕೊಂಡಳು. ತಲೆಯ ಮೇಲೆ ಬಿಳೀ ಸುಣ್ಣ, ಸೀರೆಯ ತುಂಬ ಕೆಂಪು ಧೂಳು, ತುರುಬಿನಲ್ಲಿ ಪೆನ್ಸಿಲ್. ನಾಲ್ಕು ಗಿಳಿಗಳ ನಡುವೆ ರಾಣಿ! ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ಬಂದಿದ್ದ ಬಾಣಂತಿ ಮೊದಲು ನಕ್ಕಳು. ಆಮೇಲೆ ಆ ತಾಯಿ, ಬಳೆಗಳೆಲ್ಲ ಗಲಗಲ ಎನ್ನುವ ಹಾಗೆ ನಕ್ಕರು.

“ಏಳವ್ವಾ, ಏಳು! ಕೂಸಿಗೂ ಒಂದೀಟು ಜಾಗ ಬಿಡು.”

ಇಳಿದಳು. ತಾಯಿ ಕಲ್ಲನ್ನು ತಾವೇ ಸೆರಗಿನಲ್ಲಿ ಒರೆಸಿ, ಕುಂಚಿಗೆ ತೊಡಿಸಿ, ಆಕೆಯ ಕೈಗೆ ಕೊಟ್ಟರು. “ನೀನ ಮಲಗಿಸು. ಮೊದಲ ಜೀಕು ನಿಂದಽ.”

ಆಕೆ ಮಲಗಿಸಿ ಜೀಕಿದಳು. ಕದವಿಲ್ಲದ ಕಿಟಕಿಯ ಬಿಸಿಲಿನಲ್ಲಿ ತೊಟ್ಟಿಲು ಒಂದಿಷ್ಟೂ ಕಿರುಗುಟ್ಟದೆ ಹೋಯಿತು, ಬಂತು. ಕಲ್ಲನ್ನು ತೆಗೆದ ಜಾಗಕ್ಕೆ ಅಲ್ಲೇ, ನಾಳೆಗೆ ಕಾಯದೆ, ಬಾಣಂತಿ ಕೂಸನ್ನು ಮಲಗಿಸಿಬಿಟ್ಟಳು. ಅಳು ನಿಂತಿತು. ನಾನು ಕಾನ್ವೆಂಟಿನಲ್ಲಿ ಕಲಿತವಳು, ನಾಲ್ಕು ಜನರೆದುರು ಅತ್ತವಳಲ್ಲ. ಅವತ್ತು ಧೂಳಿನ ನೆಪ ಹೇಳಿದೆ.

“ನಾಳೆ ಕಾರ್ಯಕ್ಕ ಬರಬೇಕು,” ಎಂದು ತಾಯಿ ಕೈ ಹಿಡಿದರು.

“ಆಗಂಗಿಲ್ರಿ. ಒಬ್ಬರದು ಮಂಚ ಅರ್ಧಕ್ಕ ನಿಂತೈತಿ.” ಅಷ್ಟೇ. ಊಟ ಮಾಡಿ, ಕಲ್ಲನ್ನು ಎತ್ತಿಕೊಂಡು ಆಟೋ ಹತ್ತಿದಳು.

ಹೊಸಪೇಟೆ ಮುಟ್ಟಿದೊಡನೆ ಮನೆಗಲ್ಲ, ಸೈಬರ್ ಸೆಂಟರಿಗೆ ಆಟೋ ತಿರುಗಿಸಿದಳು. ಮೈಮೇಲಿನ ಧೂಳಿನ ಸಮೇತ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. “ಆ ಕ್ರಾಫ್ಟ್ಸ್‌ಮನ್ನನ್ನ ತಗೀರಿ. ನಾ ಹೇಳಿದಂಗ ಬರೀರಿ.”

ನಾನು ಬರೆದ ಇಂಗ್ಲಿಷ್‌ಗಳಲ್ಲೆಲ್ಲ ನೆಟ್ಟಗಿನದು ಅದೇ ಇರಬೇಕು. ತೊಟ್ಟಿಲು ಮಾಡಿದವಳು ಹೆಂಗಸು. ಗಂಡ ಇಲ್ಲ. ತಾನೇ ಮನೆಗೆ ತಂದು, ತೊಲೆ ನೋಡಿ ಕಟ್ಟಿಕೊಡುತ್ತಾಳೆ.

ಹನ್ನೊಂದು ದಿನ ಯಾರೂ ಉತ್ತರಿಸಲಿಲ್ಲ. ದಿನಾ ಹೋಗಿ ನೋಡಿ ಬರುತ್ತಿದ್ದೆ. ಹನ್ನೆರಡನೆಯ ದಿನ ಕಂಪ್ಲಿಯಿಂದ ಒಂದು ಇಮೇಲ್ ಬಂದಿತ್ತು. ಸಂಡೂರಿನ ನಾಮಕರಣಕ್ಕೆ ಹೋಗಿದ್ದ ಅಕ್ಕಿ ಗಿರಣಿಯವರ ಸೊಸೆ, ತೊಟ್ಟಿಲು ಬೇಕೆಂದು ತಾನೇ ಬರೆದಿದ್ದಳು. ಪ್ರಿಂಟ್ ತೆಗೆಸಿಕೊಂಡು, ಈ ವಯಸ್ಸಿನಲ್ಲಿ, ಓಣಿಯಲ್ಲಿ ಹೆಚ್ಚುಕಡಿಮೆ ಓಡಿದೆ. ಆಕೆ ಎರಡನೆಯ ತೊಟ್ಟಿಲಿನ ಉಳ್ಳಾಗಡ್ಡಿಯನ್ನು ಆಗಲೇ ಸುರುವಿ ಕುಳಿತಿದ್ದಳು.

“ಏನಂತ ಬರ್ದಾರ್ರಿ?”

“ಡಿಯರ್ ಮೇಡಂ ಅಂತ. ನಿನಗ.”

ಆಕೆ ಆ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಆ ಎರಡು ಪದಗಳನ್ನು ಒಂದಿಷ್ಟು ಹೊತ್ತು ನೋಡಿದಳು. ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು.

“ಅದಿರಲಿ. ಅವರ ಮನಿ ತೊಲಿ ಎಂಥದ್ದೈತಿ ಅಂತ ಮೊದ್ಲು ಕೇಳ್ರಿ.”